ಏಳನೆಯ ದೇಶ

ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಗಳು ಕಾಲೇಜಿನ ಮಟ್ಟದ ಕೆಲವು ವಿಷಯಗಳನ್ನು ಹೈಸ್ಕೂಲಿನಲ್ಲಿದ್ದಾಗಲೇ ಓದಿ ಪರೀಕ್ಷೆಗೆ ಕುಳಿತುಕೊಳ್ಳುವ ಏರ್ಪಾಡೊಂದನ್ನು ಅಲ್ಲಿಯ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸಿಕೊಂಡು ಬಂದಿದೆ. ಆ ವಿಷಯಗಳಲ್ಲಿ ತೌಲನಿಕ ರಾಜ್ಯಶಾಸ್ತ್ರವೂ ಒಂದು. ಬ್ರಿಟನ್, ರಷ್ಯ, ಚೀನ, ಇರಾನ್, ಮೆಕ್ಸಿಕೊ, ನೈಜೀರಿಯ ಎಂಬ ಆರು ದೇಶಗಳನ್ನು ಆರಿಸಿಕೊಂಡು, ಅವುಗಳ ಸರಕಾರಗಳನ್ನು ಒಂದರ ಮಗ್ಗುಲಲ್ಲಿ ಇನ್ನೊಂದನ್ನಿಟ್ಟು ನೋಡುವುದು ಅದರ ಕ್ರಮ. ಅಧಿಕಾರ ಯಾರ ಕೈಯಲ್ಲಿದೆ? ಅದು ಅವರಿಗೆ ಹೇಗೆ ಬಂದಿತು? ಯಾವ ಕಾರಣದಿಂದ ಜನ ಅದನ್ನು ಒಪ್ಪುತ್ತಾರೆ? ಒಪ್ಪದಿದ್ದಾಗ ಏನು ಮಾಡುತ್ತಾರೆ? ಆರು ದೇಶಗಳಿಗೂ ಇವೇ ಪ್ರಶ್ನೆಗಳು. ಪಠ್ಯಕ್ರಮದ ವಿವರ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದಾದಂತೆ ಇದೆ. ಆ ಆರರಲ್ಲಿ ಭಾರತವಿಲ್ಲ.

ಇದಕ್ಕಾಗಿ ನಾವು ಮುನಿಸಿಕೊಳ್ಳಬೇಕಾದುದಿಲ್ಲ. ಬೇರೊಂದು ದೇಶದ ಮಕ್ಕಳಿಗಾಗಿ ಅವರು ಮಾಡಿಕೊಂಡ ಪಟ್ಟಿ ಅದು. ಆದರೆ ನಮ್ಮ ವಿದ್ಯಾರ್ಥಿಯೊಬ್ಬಳು ಆ ಪಾಠಗಳನ್ನು ಓದತೊಡಗಿದಾಗ ಆರು ಅಂಕಣಗಳ ಕೋಷ್ಟಕದ ಪಕ್ಕದಲ್ಲಿ ಏಳನೆಯದೊಂದು ಅಂಕಣ ಬರಿದಾಗಿ ಉಳಿಯುತ್ತದೆ. ಅದನ್ನು ತುಂಬುವವರು ಯಾರು? ಅಮೆರಿಕದ ಅಧ್ಯಾಪಕರು ತುಂಬಲಾರರು; ದಿಲ್ಲಿಯಲ್ಲಿ ತಯಾರಾದ ಪಾಠವೂ ಪೂರ್ತಿಯಾಗಿ ತುಂಬಲಾರದು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ವಿದ್ಯಾರ್ಥಿಗಳೇ ತಮ್ಮ ಊರಿನಿಂದ, ತಮ್ಮ ಮನೆಯಿಂದ ಅದನ್ನು ತುಂಬಬೇಕು. ತುಂಬಬಲ್ಲರು ಎಂಬುದೇ ಇಂದು ನಾವು ವಾಚಕರ ಮುಂದಿಡಬಯಸುವ ಮಾತು.

ಇಂಥ ಮಾತನ್ನಾಡುವುದು ಕೆಲವು ವರ್ಷಗಳ ಹಿಂದೆ ಸಾಧ್ಯವಿರಲಿಲ್ಲ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಹೆಸರಿನಿಂದ ಪಾಠಗಳು ಬಂದವು. ಮೊಬೈಲು ಫೋನು ಅನೇಕ ಮನೆಗಳಲ್ಲಿ ಕರಿಹಲಗೆಯಾಯಿತು. ಕೇಂದ್ರ ಸರಕಾರದ ‘ಸ್ವಯಂ’ ಎಂಬ ಜಾಲತಾಣ 2017ರಿಂದಲೇ ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರ ತರಗತಿಯವರೆಗಿನ ಪಾಠಗಳನ್ನು ಒದಗಿಸುತ್ತಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆನಿಸಿವೆ, ಕಂಪ್ಯೂಟರು ಬಂದಿರುವ ಕೇಂದ್ರಗಳಲ್ಲಿ ಪುಸ್ತಕದ ಜೊತೆಗೆ ಪರದೆಯೂ ವಿದ್ಯಾರ್ಥಿಗೆ ದೊರೆಯುತ್ತದೆ. ಹೀಗಾಗಿ, ಇರಾನಿನಲ್ಲಿ ಹನ್ನೆರಡು ಮಂದಿಯ ರಕ್ಷಕ ಮಂಡಳಿಯೊಂದು ಯಾರು ಚುನಾವಣೆಗೆ ನಿಲ್ಲಬಹುದು, ಯಾರು ನಿಲ್ಲಬಾರದು ಎಂಬುದನ್ನು ಮೊದಲೇ ತೀರ್ಮಾನಿಸುತ್ತದೆಂಬ ಸಂಗತಿಯನ್ನು ಹದಿನಾರು ವರ್ಷದ ಹುಡುಗಿ ಭೀಮೆಯ ದಂಡೆಯ ಹಳ್ಳಿಯಲ್ಲಿ ಕುಳಿತೇ ತಿಳಿಯಬಹುದು.

ಇದಕ್ಕೆ ಆಕ್ಷೇಪವೊಂದು ಬರುವುದು ಸಹಜ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯಲ್ಲಿ ತೇರ್ಗಡೆಯಾದವರು ನೂರಕ್ಕೆ 42.43ರಷ್ಟು ಮಾತ್ರ; ರಾಜ್ಯದ ಜಿಲ್ಲೆಗಳಲ್ಲಿ ಅದಕ್ಕೆ ಕಡೆಯ ಸ್ಥಾನ ದೊರೆಯಿತು. ಗಣಿತ, ವಿಜ್ಞಾನಗಳಲ್ಲಿ ಪಾಸಾಗುವುದೇ ದುಸ್ತರವಾಗಿರುವಾಗ ನೈಜೀರಿಯದ ಸಂವಿಧಾನ ಕಟ್ಟಿಕೊಂಡು ನಮ್ಮ ಮಕ್ಕಳಿಗೇನಾಗಬೇಕು ಎಂದು ಕೇಳುವವರುಂಟು. ಮನೆಗೊಂದೇ ಫೋನಿದ್ದು, ಅದೂ ತಂದೆಯ ಜೊತೆಗೆ ಹೊಲಕ್ಕೋ ದುಡಿಮೆಗೋ ಹೋಗಿರುತ್ತದೆಂಬುದನ್ನು ನಾವೂ ಬಲ್ಲೆವು. ಈ ಆಕ್ಷೇಪದಲ್ಲಿ ಕಾಳಜಿಯಿದೆ. ಆದರೆ ಅದರೊಳಗೆ ತಿಳಿಯದೆ ಅಡಗಿಕೊಂಡಿರುವ ಇನ್ನೊಂದು ಅರ್ಥವನ್ನೂ ಗಮನಿಸಬೇಕು. ಹಿಂದುಳಿದ ತಾಲೂಕಿನ ಮಗುವಿಗೆ ತೇರ್ಗಡೆಯಾಗುವಷ್ಟು ವಿದ್ಯೆ ಸಾಕು, ಆಳುವುದರ ವಿಚಾರ ದೊಡ್ಡ ಊರಿನ ಮಕ್ಕಳಿಗಿರಲಿ ಎಂಬುದೇ ಆ ಅರ್ಥ. ಇಂದು ಹತ್ತನೆಯ ತರಗತಿಯಲ್ಲಿರುವವರು ಎರಡು-ಮೂರು ವರ್ಷಗಳಲ್ಲಿ ಮತದಾರರಾಗುತ್ತಾರೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಜಿಲ್ಲೆಗೆ ತನ್ನ ಸರಕಾರವನ್ನು ಪ್ರಶ್ನಿಸಬಲ್ಲ ಮತದಾರರು ಉಳಿದವರಿಗಿಂತ ಹೆಚ್ಚಾಗಿ ಬೇಕಾಗಿದ್ದಾರೆ.

ಹೋಲಿಸಿ ನೋಡುವ ಈ ಶಾಸ್ತ್ರ ನಮಗೆ ಹೊಸದಾಗಿ ಬಂದುದಲ್ಲ. ಅರಿಸ್ಟಾಟಲನೂ ಅವನ ಶಿಷ್ಯರೂ 158 ರಾಜ್ಯಗಳ ಆಡಳಿತಕ್ರಮಗಳನ್ನು ಸಂಗ್ರಹಿಸಿದರೆಂಬ ಪ್ರತೀತಿಯನ್ನು ಬಿಟ್ಟರೂ, ನಮ್ಮ ಸಂವಿಧಾನವೇ ತೌಲನಿಕ ಅಧ್ಯಯನದ ದೊಡ್ಡದೊಂದು ಫಲ. ಮಂಗಳೂರಿನ ಕೆನರಾ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದ ಬೆನಗಲ್ ನರಸಿಂಗ ರಾಯರು 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ ನೇಮಕಗೊಂಡು, ನಾನಾ ದೇಶಗಳ ಸಂವಿಧಾನಗಳಲ್ಲಿಯ ಪೂರ್ವನಿದರ್ಶನಗಳನ್ನು ಸಭೆಯ ಸದಸ್ಯರಿಗಾಗಿ ಸಂಗ್ರಹಿಸಿಕೊಟ್ಟರು. 1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕ, ಕೆನಡ, ಐರ್ಲೆಂಡ್, ಬ್ರಿಟನ್‌ಗಳಿಗೆ ಸ್ವತಃ ಹೋಗಿ ಅಲ್ಲಿಯ ನ್ಯಾಯಾಧೀಶರನ್ನೂ ರಾಜ್ಯನೀತಿಜ್ಞರನ್ನೂ ಕಂಡು ಮಾತನಾಡಿ ಬಂದರು. ಪುಸ್ತಕಗಳೆಲ್ಲವನ್ನೂ ಓದಿಕೊಂಡಿದ್ದ ಮಹನೀಯರಿಗೂ ಬಾಗಿಲಿಗೆ ಹೋಗಿ ಕೇಳುವ ಅಗತ್ಯ ಕಂಡಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡತಕ್ಕದ್ದು.

ಬಾಗಿಲಿಗೆ ಹೋಗಿ ಕೇಳುವ ಕೆಲಸ ಈ ಮೂರು ತಾಲೂಕುಗಳಲ್ಲಿ ಮನೆಯೊಳಗಿನಿಂದಲೇ ಪ್ರಾರಂಭವಾಗಬಹುದು. 1948ರಲ್ಲಿ ಹತ್ತು ವರ್ಷದವನಾಗಿದ್ದ ಹಿರಿಯನೊಬ್ಬ ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದರೆ, “ಮುತ್ಯಾ, ನೀ ಸಣ್ಣಾಂವ ಇದ್ದಾಗ ಯಾರ ಆಳಿಕಿ ಇತ್ತು?” ಎಂದು ಮೊಮ್ಮಗಳು ಕೇಳಲಿ. ಆತ ಹುಟ್ಟಿದಾಗ ನಿಜಾಮರ ಪ್ರಜೆ. ಆ ಒಂದು ಸಂಸ್ಥಾನದಲ್ಲಿಯೇ ದಿವಾನಿ ಪ್ರದೇಶ ಬೇರೆ, ನಿಜಾಮರ ಸ್ವಂತ ಸರ್ಫೆಖಾಸ್ ಬೇರೆ, ಪೈಗಾ ಮತ್ತು ಜಹಗೀರುಗಳು ಬೇರೆ. ಊರಿಂದೂರಿಗೆ ಧಣಿ ಬದಲಾಗುತ್ತಿದ್ದ ಕಾಲವದು. 1948ರ ಸಪ್ಟಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು, ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಸೈನಿಕ ಆಡಳಿತ ಬಂದಿತು. 1949ರಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಹಿಂದಿನ ನಿಜಾಮರೇ ರಾಜಪ್ರಮುಖರೆಂಬ ಸಂವಿಧಾನಬದ್ಧ ಮುಖ್ಯಸ್ಥರಾದರು. 1952ರಲ್ಲಿ ವಯಸ್ಕರೆಲ್ಲರ ಮತದಿಂದ ಆಯ್ಕೆಯಾದ ಮಂತ್ರಿಮಂಡಲ ಹೈದರಾಬಾದಿನಲ್ಲಿ ಅಧಿಕಾರ ವಹಿಸಿಕೊಂಡಿತು. 1956ರ ನವೆಂಬರ್ 1ರಂದು ಅದೇ ಊರು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ರಾಜಪ್ರಭುತ್ವ, ಸೈನಿಕ ಆಡಳಿತ, ಚುನಾಯಿತ ಸರಕಾರ ಎಂಬ ಮೂರನ್ನೂ ಆ ಮುತ್ಯಾ ತನ್ನ ಊರು ಬಿಟ್ಟು ಕದಲದೆ ಕಂಡಿದ್ದಾನೆ. ಆರು ದೇಶಗಳ ಪಾಠ ಹೇಳುವವರಲ್ಲಿ ಎಷ್ಟು ಮಂದಿಗೆ ಈ ಅನುಭವವುಂಟು?

ಕೇಳುವಾಗ ಒಂದು ಎಚ್ಚರವಿರಬೇಕು. ಒಂದು ಮನೆಯ ಹಿರಿಯರು ರಜಾಕಾರರ ಹಾವಳಿಯನ್ನು ನೆನೆದು ಕಣ್ಣೀರಿಟ್ಟಾರು. ಆಚೆಯ ಓಣಿಯ ಹಿರಿಯರು ಕಾರ್ಯಾಚರಣೆಯ ಬೆನ್ನಿಗೆ ನಡೆದ ಸೇಡಿನ ಕೃತ್ಯಗಳನ್ನು ನೆನೆದಾರು. ಎರಡೂ ನಡೆದ ಸಂಗತಿಗಳೇ. ಅಂತರ್ಜಾಲ ಸಾಮಾನ್ಯವಾಗಿ ನೋಡುವವನು ಮೆಚ್ಚಿದ ಕಥೆಯನ್ನೇ ಮತ್ತೆಮತ್ತೆ ತಂದು ತೋರಿಸುತ್ತದೆ. ಓಣಿಯಿಂದ ಓಣಿಗೆ ಹೋಗಿ ಎರಡನ್ನೂ ಕೇಳಿದವನಿಗೆ ಮಾತ್ರ, ಪ್ರಜೆಯನ್ನು ರಕ್ಷಿಸಲಾರದ ಸರಕಾರ ತನ್ನ ಮಾನ್ಯತೆಯನ್ನು ಹೇಗೆ ಕಳೆದುಕೊಳ್ಳುತ್ತದೆಂಬುದು ಅರ್ಥವಾದೀತು.

ಇತಿಹಾಸ ಹಾಗಿರಲಿ, ಈಚಿನ ರಾಜಕಾರಣಕ್ಕೆ ಬಂದರೆ ಈ ಮೂರು ತಾಲೂಕುಗಳು ಒಂದೊಂದು ಪಾಠವನ್ನು ಸಿದ್ಧವಾಗಿಟ್ಟುಕೊಂಡಿವೆ.

ಜೇವರ್ಗಿಯದು ಸಮ್ಮಿಶ್ರ ಸರಕಾರದ ಪಾಠ. 2004ರ ಚುನಾವಣೆಯಲ್ಲಿ 224 ಸ್ಥಾನಗಳ ನಮ್ಮ ವಿಧಾನಸಭೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ 79, ಕಾಂಗ್ರೆಸ್ಸಿಗೆ 65, ಜಾತ್ಯತೀತ ಜನತಾ ದಳಕ್ಕೆ 58 ಸ್ಥಾನಗಳು ಬಂದವು. ಎರಡನೆಯ, ಮೂರನೆಯ ಪಕ್ಷಗಳು ಕೂಡಿ ರಚಿಸಿದ ಸರಕಾರಕ್ಕೆ ಜೇವರ್ಗಿಯ ಪ್ರತಿನಿಧಿ, ನೆಲೋಗಿಯ ಧರ್ಮಸಿಂಗ್ ಅವರು ಮುಖ್ಯಮಂತ್ರಿಗಳಾದರು. ಸುಮಾರು ಇಪ್ಪತ್ತು ತಿಂಗಳಲ್ಲಿ, 2006ರ ಆರಂಭದಲ್ಲಿ, ಆ ಸರಕಾರ ಉರುಳಿತು. 2010ರಲ್ಲಿ ಬ್ರಿಟನ್ನಿನಲ್ಲಿಯೂ ಯಾರಿಗೂ ಬಹುಮತ ಬರಲಿಲ್ಲ. ಅಲ್ಲಿ ಎಲ್ಲರಿಗಿಂತ ಹೆಚ್ಚು ಸ್ಥಾನ ಪಡೆದ ಕನ್ಸರ್ವೇಟಿವ್ ಪಕ್ಷವೇ ಲಿಬರಲ್ ಡೆಮೊಕ್ರಾಟರನ್ನು ಕೂಡಿಸಿಕೊಂಡು ಸರಕಾರ ರಚಿಸಿತು. ಅದು ಐದು ವರ್ಷ ಬಾಳಿತು. ಪಕ್ಷಾಂತರವನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನೇ ಸೇರಿಸಿದವರು ನಾವು. ಬ್ರಿಟನ್ನಿನಲ್ಲಿ ಅಂಥ ಕಾನೂನೇ ಇಲ್ಲ, ಪಕ್ಷ ಬಿಟ್ಟ ಸದಸ್ಯ ತನ್ನ ಸ್ಥಾನದಲ್ಲಿಯೇ ಮುಂದುವರಿಯಬಹುದು. ಕಾನೂನಿರುವಲ್ಲಿ ಸರಕಾರ ಇಪ್ಪತ್ತು ತಿಂಗಳಿಗೆ ಬಿದ್ದು, ಕಾನೂನಿಲ್ಲದಲ್ಲಿ ಐದು ವರ್ಷ ನಿಂತುದು ಏಕೆ? ಈ ಪ್ರಶ್ನೆಗೆ ಒಂದು ವಾಕ್ಯದ ಉತ್ತರವಿಲ್ಲ. ಉತ್ತರ ಹುಡುಕುತ್ತ ಹೋದ ವಿದ್ಯಾರ್ಥಿ ಪಕ್ಷದ ಶಿಸ್ತು, ಒಪ್ಪಂದದ ಬರವಣಿಗೆ, ಸಂಪ್ರದಾಯದ ಬಲ ಇವೆಲ್ಲವನ್ನೂ ದಾಟಿ ಹೋಗಬೇಕಾಗುತ್ತದೆ.

ಅಫಜಲಪುರದ ಪಾಠ ನದಿಯದು. ಭೀಮೆ ಹುಟ್ಟುವುದು ಮಹಾರಾಷ್ಟ್ರದಲ್ಲಿ. ಉಜನಿಯ ದೊಡ್ಡ ಅಣೆಕಟ್ಟು ಇರುವುದು ಸೊಲ್ಲಾಪುರ ಜಿಲ್ಲೆಯಲ್ಲಿ. ಸೊನ್ನದ ಬ್ಯಾರೇಜು ಇರುವುದು ಅಫಜಲಪುರ ತಾಲೂಕಿನಲ್ಲಿ. ಬೇಸಗೆಯಲ್ಲಿ ಹೊಳೆ ಬತ್ತಿದರೆ ಮೇಲಿನಿಂದ ನೀರು ಬಿಡಿಸಿರೆಂಬ ಕೂಗು ಏಳುತ್ತದೆ. 2020ರ ಅಕ್ಟೋಬರಿನಲ್ಲಾದಂತೆ ಮೇಲಿನ ನೀರು ಒಮ್ಮೆಲೇ ಬಂದರೆ ದಂಡೆಯ ಊರುಗಳು ಮುಳುಗುತ್ತವೆ. ಒಂದು ರಾಜ್ಯದ ಗೇಟು ಇನ್ನೊಂದು ರಾಜ್ಯದ ಬೆಳೆಯ ಹಣೆಬರಹವನ್ನು ಬರೆಯುವಾಗ ನ್ಯಾಯ ಹೇಳುವವರು ಯಾರು? ನೈಜೀರಿಯದ ಸಂವಿಧಾನ ರಾಜ್ಯ-ರಾಜ್ಯಗಳ ವ್ಯಾಜ್ಯವನ್ನು ನೇರವಾಗಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದೆ. ನಮ್ಮಲ್ಲಿಯೂ ಇತರ ವ್ಯಾಜ್ಯಗಳಿಗೆ ಅದೇ ಹಾದಿ. ಆದರೆ ಅಂತರರಾಜ್ಯ ನದಿಗಳ ನೀರಿಗೆ 262ನೆಯ ಅನುಚ್ಛೇದವೂ 1956ರ ಕಾಯಿದೆಯೂ ನ್ಯಾಯಮಂಡಳಿಯೆಂಬ ಬೇರೆಯ ಹಾದಿಯನ್ನು ಹಾಕಿಕೊಟ್ಟಿವೆ. ಭೀಮೆಯನ್ನೊಳಗೊಂಡ ಕೃಷ್ಣಾ ಕಣಿವೆಗಾಗಿ 1969ರಲ್ಲಿ ಬಚಾವತ್ ನ್ಯಾಯಮಂಡಳಿ, 2004ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ರಚನೆಯಾದವು. ಸಂಯುಕ್ತ ವ್ಯವಸ್ಥೆ ಎಂಬ ಪದವನ್ನು ಪುಸ್ತಕದಲ್ಲಿ ಓದಿ ಮರೆಯುವ ಹುಡುಗ ತನ್ನೂರ ಹೊಳೆಯ ದಂಡೆಯಲ್ಲಿ ನಿಂತು ಅದನ್ನು ಓದಿದರೆ ಮರೆಯಲಾರ.

ಆಳಂದದ ಪಾಠ ಇವೆಲ್ಲಕ್ಕಿಂತ ಹತ್ತಿರದ ಕಾಲದ್ದು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆಯಬೇಕೆಂದು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಅವುಗಳಲ್ಲಿ ಸರಿಯಾದವು 24 ಮಾತ್ರವೆಂದು ಕಂಡುಬಂದು, ಉಳಿದ 5,994 ತಿರಸ್ಕೃತವಾದವು. ಅದೇ ವರ್ಷದ ಫೆಬ್ರುವರಿಯಲ್ಲಿ ಆಳಂದ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು. 2025ರಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ತಂಡವನ್ನು ನೇಮಿಸಿತು. ತಪ್ಪಿತಸ್ಥರು ಯಾರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ; ಅದರಲ್ಲಿ ನಾವು ಕೈಹಾಕುವುದಿಲ್ಲ. ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಮತದಾರರ ಪಟ್ಟಿಯನ್ನು ಕಾಯುವವರು ಯಾರು? ನಮ್ಮಲ್ಲಿ 324ನೆಯ ಅನುಚ್ಛೇದದ ಪ್ರಕಾರ ಚುನಾವಣಾ ಆಯೋಗ. ಮೆಕ್ಸಿಕೊದಲ್ಲಿ 1990ರಲ್ಲಿ ಸ್ಥಾಪನೆಯಾಗಿ 2014ರಲ್ಲಿ ಹೊಸರೂಪ ತಳೆದ ರಾಷ್ಟ್ರೀಯ ಚುನಾವಣಾ ಸಂಸ್ಥೆ. ಬ್ರಿಟನ್ನಿನಲ್ಲಿ ಆಯಾ ಸ್ಥಳದ ನೋಂದಣಾಧಿಕಾರಿಗಳು. ಯಾವ ಕ್ರಮದಲ್ಲಿ ತಪ್ಪು ಬೇಗ ಬೆಳಕಿಗೆ ಬರುತ್ತದೆ? ತಪ್ಪು ಮಾಡಿದವನನ್ನು ಹಿಡಿಯುವುದು ಯಾವುದರಲ್ಲಿ ಸುಲಭ? ಹತ್ತಿರದ ಅಧಿಕಾರಿಗೆ ಮುಖ ಪರಿಚಯವಿರುತ್ತದೆ, ಆದರೆ ಹತ್ತಿರದವರ ಒತ್ತಡವೂ ಇರುತ್ತದೆ. ದೂರದ ಆಯೋಗಕ್ಕೆ ಒತ್ತಡ ಕಡಿಮೆ, ಆದರೆ ಮುಖ ಪರಿಚಯವಿಲ್ಲ. ಈ ಇಕ್ಕಟ್ಟು ಎಲ್ಲ ದೇಶಗಳಲ್ಲಿಯೂ ಒಂದೇ.

ಈ ಮೂರಕ್ಕೂ ಸಾಮಾನ್ಯವಾದ ನಾಲ್ಕನೆಯ ಪಾಠವೊಂದಿದೆ. ಸಂವಿಧಾನಕ್ಕೆ ಮಾಡಿದ 98ನೆಯ ತಿದ್ದುಪಡಿಯಿಂದ 371(ಜೆ) ಅನುಚ್ಛೇದ ಬಂದು, ಹಿಂದಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸ್ಥಾನ ದೊರೆಯಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆಗಳಲ್ಲಿ ನೂರಕ್ಕೆ 8 ಸೀಟುಗಳು ಇಲ್ಲಿಯವರಿಗೆ ಮೀಸಲಾದವು. ಮಕ್ಕಳು ಅರ್ಹತಾ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಅದು ಏಕೆ ಬಂದಿತೆಂದು ಕೇಳಿದರೆ ಹೇಳಬಲ್ಲವರು ವಿರಳ. ನೈಜೀರಿಯದಲ್ಲಿ ಸರಕಾರದ ಹುದ್ದೆಗಳು ಕೆಲವೇ ಜನಾಂಗಗಳ, ಕೆಲವೇ ಪ್ರಾಂತಗಳ ಪಾಲಾಗಬಾರದೆಂಬ ತತ್ತ್ವವನ್ನು ಸಂವಿಧಾನದಲ್ಲಿಯೇ ಬರೆದಿದ್ದಾರೆ. ಏಕಾತ್ಮಕ ರಾಜ್ಯವೆನಿಸಿದ ಬ್ರಿಟನ್ ಕೂಡ 1999ರಲ್ಲಿ ಸ್ಕಾಟ್ಲೆಂಡಿಗೆ ಬೇರೊಂದು ಶಾಸನಸಭೆಯನ್ನು ಕೊಟ್ಟಿತು. ಎಲ್ಲರನ್ನೂ ಸಮವಾಗಿ ಕಾಣುವುದಕ್ಕಾಗಿ ಕೆಲವರನ್ನು ಬೇರೆಯಾಗಿ ಕಾಣಬೇಕಾದೀತೆ? ಹೌದಾದರೆ ಎಷ್ಟು ಕಾಲ? ಕಲಬುರಗಿ ಜಿಲ್ಲೆಯ ವಿದ್ಯಾರ್ಥಿ ಈ ಪ್ರಶ್ನೆಗೆ ತನ್ನ ಪ್ರಮಾಣಪತ್ರವನ್ನೇ ಮುಂದಿಟ್ಟುಕೊಂಡು ಉತ್ತರ ಬರೆಯಬಲ್ಲ.

ಇಷ್ಟಾದರೂ ಅಂತರ್ಜಾಲದ ಓದಿನ ಕುಂದುಗಳನ್ನು ಮರೆಮಾಚಲಾಗದು. ಮೊದಲನೆಯದು ಭಾಷೆ. ಈ ವಿಷಯದ ಉತ್ತಮ ಪಾಠಗಳಲ್ಲಿ ಬಹುಭಾಗ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ‘ರಾಜ್ಯ’ ಎಂದರೆ ಸಾರ್ವಭೌಮವಾದ ರಾಜ್ಯವೂ ಹೌದು, ಕರ್ನಾಟಕದಂಥ ಘಟಕವೂ ಹೌದು. ಈ ಗೊಂದಲದಿಂದಲೇ ಎಷ್ಟೋ ವಿದ್ಯಾರ್ಥಿಗಳು ಮುಗ್ಗರಿಸುತ್ತಾರೆ. ನಮ್ಮಲ್ಲಿ ಪದಗಳಿಲ್ಲವೆಂದಲ್ಲ. ಕಾರ್ಯಾಂಗ, ಶಾಸಕಾಂಗ, ಸಾರ್ವಭೌಮತ್ವ, ವಿಕೇಂದ್ರೀಕರಣ ಇವು ಬಳಕೆಯಲ್ಲಿ ನೆಲೆಗೊಂಡ ಪದಗಳೇ. ಅವುಗಳನ್ನು ಆರು ದೇಶಗಳ ಉದಾಹರಣೆಗಳೊಡನೆ ವಿವರಿಸುವ ಪಾಠಗಳು ಬೇಕಾಗಿವೆ. ಇಂಥ ಸಾಹಸ ಈ ಭಾಗಕ್ಕೆ ಅಪರಿಚಿತವಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಒಂದು ಭಾಷಾಂತರ ಸಂಸ್ಥೆಯನ್ನೇ ಕಟ್ಟಿಕೊಂಡು ಆಧುನಿಕ ಶಾಸ್ತ್ರಗಳನ್ನು ಉರ್ದುವಿನಲ್ಲಿ ಬೋಧಿಸಿತು. ಆಗ ಕನ್ನಡಕ್ಕೆ ಆ ಭಾಗ್ಯವಿರಲಿಲ್ಲ. ಈಗ ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ರಾಜ್ಯದ ವಿಶ್ವವಿದ್ಯಾಲಯವಿದೆ. ಹೈಸ್ಕೂಲಿನವರಿಗಾಗಿ ಇಪ್ಪತ್ತೋ ಮೂವತ್ತೋ ಕಿರುಪಾಠಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವುದು ಅವುಗಳ ವಿದ್ವಾಂಸರಿಗೆ ಅಸಾಧ್ಯವಾದೀತೆ?

ಎರಡನೆಯ ಕುಂದು ಏಕಾಂತ. ರಾಜ್ಯಶಾಸ್ತ್ರ ಒಬ್ಬನೇ ಕುಳಿತು ಕಲಿಯತಕ್ಕ ಶಾಸ್ತ್ರವಲ್ಲ. ಅದಕ್ಕೆ ಎದುರಾಡುವವರು ಬೇಕು. ಪರದೆಯ ಮೇಲಿನ ಉಪನ್ಯಾಸಕ ತಪ್ಪು ಹೇಳಿದರೂ ತಡೆದು ಕೇಳುವಂತಿಲ್ಲ. ಆದುದರಿಂದ ಪಾಠ ಅಂತರ್ಜಾಲದ್ದಾದರೂ ಚರ್ಚೆ ಶಾಲೆಯದಾಗಬೇಕು. ವಾರಕ್ಕೊಂದು ಸಂಜೆ ಅರಿವು ಕೇಂದ್ರದಲ್ಲಿಯೋ ಶಾಲೆಯ ಕೋಣೆಯಲ್ಲಿಯೋ ಹತ್ತು ಮಂದಿ ಕೂಡಲಿ. ಒಂದು ಫೋನಿನಲ್ಲಿ ಎಲ್ಲರೂ ಪಾಠ ಕೇಳಲಿ. ಸಮಾಜ ವಿಜ್ಞಾನದ ಶಿಕ್ಷಕರು ಗೋಡೆಯ ಮೇಲೆ ಏಳು ಅಂಕಣಗಳ ಕಾಗದವೊಂದನ್ನು ತೂಗುಹಾಕಲಿ. ಬ್ರಿಟನ್ನಿನ ಪಾರ್ಲಿಮೆಂಟಿನ ಪಾಠ ಮುಗಿದ ವಾರ ಯುವ ಸಂಸತ್ತಿನ ಆಟವಾಡಲಿ. ಚೀನದ ಹಳ್ಳಿಗಳಲ್ಲಿಯೂ ಗ್ರಾಮಸಮಿತಿಗೆ ಚುನಾವಣೆ ನಡೆಯುತ್ತದೆ, ಆದರೆ ಮೇಲೆ ಒಂದೇ ಪಕ್ಷವಿದೆ ಎಂದು ತಿಳಿದ ವಾರ, ಪಕ್ಷದ ಚಿಹ್ನೆಗಳಿಲ್ಲದೆ ನಡೆಯುವ ನಮ್ಮ ಗ್ರಾಮ ಪಂಚಾಯಿತಿಯ ಚುನಾವಣೆಯ ಬಗೆಗೆ ಸದಸ್ಯರನ್ನೇ ಕರೆದು ಕೇಳಲಿ. ಮಕ್ಕಳ ಗ್ರಾಮಸಭೆ ಬಂದಾಗ, ಬರೆದುಕೊಟ್ಟ ಭಾಷಣ ಓದುವುದನ್ನು ಬಿಟ್ಟು ತಾವೇ ಹುಡುಕಿದ ಪ್ರಶ್ನೆಯೊಂದನ್ನು ಎತ್ತಲಿ. ಇದಕ್ಕೆ ಹಣ ಬೇಕಿಲ್ಲ. ಒಬ್ಬ ಶಿಕ್ಷಕರ ಮನಸ್ಸು ಬೇಕು. ಅಂಥ ಮನಸ್ಸಿನ ಶಿಕ್ಷಕರು ಈ ತಾಲೂಕುಗಳಲ್ಲಿ ಇದ್ದೇ ಇದ್ದಾರೆಂಬ ನಂಬಿಕೆಯಿಂದಲೇ ನಾವು ಇದನ್ನು ಬರೆಯುತ್ತಿದ್ದೇವೆ.

ಆಳಂದದ ಆ 6,018 ಅರ್ಜಿಗಳ ಸಂಗತಿಯನ್ನು ಮತ್ತೊಮ್ಮೆ ನೆನೆಯೋಣ. ಅರ್ಜಿಗಳು ಬಂದುದು ಅಂತರ್ಜಾಲದ ಮೂಲಕ. ಎಲ್ಲಿಂದಲೋ ಯಾರೋ ಕಳುಹಿಸಿದವು. ಅವು ಸುಳ್ಳೆಂದು ತಿಳಿದುದು ಸ್ಥಳಕ್ಕೆ ಹೋಗಿ, ಈ ಹೆಸರಿನವರು ಇದ್ದಾರೆಯೆ ಎಂದು ಕೇಳಿದಾಗ. ಓದಿಗೂ ಇದೇ ಮಾತು ಸಲ್ಲುತ್ತದೆ. ಅಂತರ್ಜಾಲ ತಂದುಕೊಡುವ ಆರು ದೇಶಗಳನ್ನು ನಮ್ಮ ಮಕ್ಕಳು ಸಂಕೋಚವಿಲ್ಲದೆ ಸ್ವೀಕರಿಸಲಿ. ಅದರ ಮೇಲೆ ಮುತ್ಯಾನ ಕಟ್ಟೆಗೆ, ಹೊಳೆಯ ದಂಡೆಗೆ, ತಹಶೀಲ್ದಾರ ಕಚೇರಿಯ ಸಾಲಿಗೆ ಹೋಗಿ, ಓದಿದ್ದು ನಿಜವೆ ಎಂದು ಕೇಳಿ ಬರಲಿ. ಗೋಡೆಯ ಕಾಗದದಲ್ಲಿ ಏಳನೆಯ ಅಂಕಣ ಅವರ ಕೈಬರಹದಿಂದಲೇ ತುಂಬಬೇಕಾಗಿದೆ.